ಕೊಂಡಿಯ ನಡತೆ

ಓದುಗರೇ ಸುದ್ದಿಗಳನ್ನು ಹೆಕ್ಕಿ ತಂದು ಒಂದೆಡೆ ರಾಶಿ ಹಾಕುವ ರೆಡ್ಡಿಟ್ ಮೊದಲಾದ ಜಾಲತಾಣಗಳಲ್ಲಿ, ಬೆರಳು ಸೋಕಿದ ಕೊಂಡಿಯು ಇದ್ದ ಕಿಟಕಿಯಲ್ಲಿಯೇ ತೆರೆದುಕೊಳ್ಳಬೇಕೋ ಅಥವಾ ಹೊಸದೊಂದನ್ನು ತೆರೆಯಿಸಬೇಕೋ ಎಂಬ ಧರ್ಮಸೂಕ್ಷ್ಮವು, ಜುಗೂಳದ ಕೃಷ್ಣಾತೀರದಲ್ಲಿ ಕುಳಿತು ಕಬ್ಬಿನ ದರವನ್ನಷ್ಟೇ ಅರಿಯಬಯಸುವ ನನ್ನಂತಹ ಅಲ್ಪತೃಪ್ತನನ್ನು ಇಷ್ಟೊಂದು ಪೀಡಿಸೀತೆಂದು ಯಾರು ತಾನೇ ಎಣಿಸಿದ್ದರು! ಕಬ್ಬಿನಿಂದ ಸಕ್ಕರೆಯ ರಫ್ತಿಗೆ, ರಫ್ತಿನಿಂದ ಬ್ರೆಜಿಲ್ ದೇಶದ ಮಳೆಗೆ, ಮಳೆಯಿಂದ ಅಲ್ಲಿಯದೊಂದು ಮಾತನಾಡುವ ಗಿಳಿಗೆ ನಾನು ತಲುಪುವಷ್ಟರಲ್ಲಿ, ಮೊಬೈಲಿನೊಳಗೆ ಕಿಟಕಿಗಳ ಮಹಾಸಂತತಿಯೇ ಬೆಳೆದಿರುತ್ತದೆ. “ಅಪ್ಪಾ, ಇದು ಮನಿಯೋ, ಬರೇ ಕಿಡಕಿಯೋ?” ಎಂದು ಮಗಳು ಕೇಳುತ್ತಾಳೆ. ಕಬ್ಬಿನ ದರ ಮಾತ್ರ ಈ ಕಿಟಕಿಗಳ ಹಿಂದೆಲ್ಲಿಯೋ ಅಜ್ಞಾತವಾಸದಲ್ಲಿರುತ್ತದೆ.

ಹೊಳೆಯಾಚೆಯ ಖಿದ್ರಾಪುರದ ಕೋಪೇಶ್ವರ ಶಿವನ ಎದುರಿಗೆ ನಂದಿಯಿಲ್ಲ. ದಕ್ಷಯಜ್ಞಕ್ಕೆ ಹೊರಟ ಸತೀದೇವಿಯನ್ನು ಹೊತ್ತು ನಡೆದ ನಂದಿಯು ಯಡೂರಿನಲ್ಲಿ ನೆಲೆಸಿದನೆಂದು ಐತಿಹ್ಯ. ಹೊಸ ಕಿಟಕಿಯ ಕೊಂಡಿಯ ಫಲವೂ ಇದೇ: ಸ್ವಾಮಿ ಒಂದೂರಿನಲ್ಲಿ, ವಾಹನ ಮತ್ತೊಂದೂರಿನಲ್ಲಿ, ನಡುವೆ ಉಳಿಯುವುದು ಕೋಪವೊಂದೇ.

1989ರಲ್ಲಿ ಸರ್ನ್ ಸಂಸ್ಥೆಯಲ್ಲಿದ್ದುಕೊಂಡು ಜಾಲದ ಪ್ರಸ್ತಾವವನ್ನು ಬರೆದ ಟಿಮ್ ಬರ್ನರ್ಸ್-ಲೀ ಮಹಾಶಯರು ಗಿಳಿಯ ಮೋಹವುಳ್ಳ ಈ ಭಕ್ತನನ್ನು ಕಲ್ಪಿಸಿಕೊಂಡಿರಲಾರರು. ಓದಿದ ಕೊಂಡಿ ನೇರಳೆ, ಓದದುದು ನೀಲಿ ಎಂಬ ಹಳೆಯ ಪದ್ಧತಿಯಾದರೂ ಎಷ್ಟು ದಯಾಮಯ! ನಾನು ಮರೆತುದನ್ನು ಅದು ಮರೆಯುವುದಿಲ್ಲ.

ಆದುದರಿಂದ ನನ್ನ ತೀರ್ಪು: ಕೊಂಡಿಯು ಇದ್ದ ಕಿಟಕಿಯಲ್ಲಿಯೇ ವಿನಯದಿಂದ ತೆರೆದುಕೊಳ್ಳಲಿ. ಹೊಸತು ಬೇಕೆನ್ನುವ ಶ್ರೀಮಂತರು ಅದನ್ನು ಕೊಂಚ ಹೊತ್ತು ಒತ್ತಿ ಹಿಡಿದರಾಯಿತು. ಆ ಸೌಕರ್ಯ ಮೊಬೈಲಿನಲ್ಲಿ ಈಗಾಗಲೇ ಉಂಟು.