ಬಿಡಿ ಅಂದ್ರೆ ಬಿಟ್ಟೇ ಬಿಡೋದಾ?

ನಲವತ್ತೆಂಟರಲ್ಲಿ ಕಾರು ಕಲಿಯಲು ಹೊರಟೆ. ಕಲಿಸಲು ಬಂದವನಿಗೆ ನನ್ನ ಮಗನ ವಯಸ್ಸು. "ಕ್ಲಚ್ ಬಿಡಿ ಸಾರ್" ಅಂದ. ಬಿಟ್ಟೆ. ಹಳೆಯ ಮಾರುತಿ 800 ಕಪ್ಪೆಯ ಹಾಗೆ ಒಮ್ಮೆ ಕುಪ್ಪಳಿಸಿ ಆಫ್ ಆಯಿತು.

"ಬಿಡಿ ಅಂದ್ರೆ ಬಿಟ್ಟೇ ಬಿಡೋದಾ ಸಾರ್?"

ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಬಿಡುವುದು ಬೇರೆ, ಬಿಟ್ಟುಬಿಡುವುದು ಬೇರೆ ಎಂದು ನನಗೆ ಯಾರೂ ಇಷ್ಟು ಮನದಟ್ಟಾಗುವಂತೆ ಹೇಳಿರಲಿಲ್ಲ.

ನಮ್ಮ ತಾತನಿಗೆ ಈ ಕ್ಲಚ್ಚಿನ ರಗಳೆ ಇರಲಿಲ್ಲ. ಎತ್ತು ನಿಂತಲ್ಲಿಂದಲೇ ಎಳೆಯುತ್ತದೆ. ಪೆಟ್ರೋಲ್ ಇಂಜಿನ್ನಿಗೆ ಆ ತಾಕತ್ತಿಲ್ಲ. ಸುಮ್ಮನೆ ನಿಂತಾಗಲೂ ಅದು ನಿಮಿಷಕ್ಕೆ 800 ಸುತ್ತಿನ ಆಸುಪಾಸು ತಿರುಗುತ್ತಲೇ ಇರಬೇಕು. ತೀರಾ ತಗ್ಗಿದರೆ ಉಸಿರು ಕಟ್ಟುತ್ತದೆ. ಚಕ್ರವೋ, ಅಲ್ಲಾಡದೆ ಕೂತಿದೆ. ಒಂದನೇ ಗೇರಿನಲ್ಲಿ ಇಂಜಿನ್ ಸುಮಾರು ಹದಿನೈದು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು ಬರುತ್ತದೆ. ಅಷ್ಟು ಇಳಿಸಿಕೊಟ್ಟರೂ ಗಾಡಿ ನಮ್ಮ ನಡಿಗೆಯ ವೇಗಕ್ಕಾದರೂ ಬರಬೇಕು. ಸೊನ್ನೆಯಿಂದ ಅಲ್ಲಿಗೆ ಬರುವ ತನಕ ಸಂಭಾಳಿಸುವುದು ಕ್ಲಚ್ ಪ್ಲೇಟು.

ಹೊರಟುಬಿಟ್ಟ ಕೆಂಪು ಬಸ್ಸನ್ನು ಓಡಿ ಹತ್ತಿದವರಿಗೆ ಇದು ಗೊತ್ತಿರುತ್ತದೆ. ನಿಂತಲ್ಲೇ ನಿಂತು ಕಂಬಿ ಹಿಡಿದರೆ ತೋಳು ಕಿತ್ತುಬರುತ್ತದೆ. ಜೊತೆಗೇ ನಾಲ್ಕು ಹೆಜ್ಜೆ ಓಡಬೇಕು. ಪ್ಲೇಟಿನ ಕತೆಯೂ ಅದೇ. ಪೆಡಲು ತುಳಿದಾಗ ಪ್ಲೇಟು ಇಂಜಿನ್ನಿನ ಫ್ಲೈವೀಲಿನಿಂದ ಬಿಡಿಸಿಕೊಂಡಿರುತ್ತದೆ. ಕಾಲು ಮೆಲ್ಲಗೆ ಎತ್ತುತ್ತ ಬಂದರೆ ಸ್ಪ್ರಿಂಗು ಅದನ್ನು ಫ್ಲೈವೀಲಿಗೆ ಒತ್ತುತ್ತದೆ. ಮೊದಲು ಜಾರುತ್ತದೆ, ಆಮೇಲೆ ಉಜ್ಜುತ್ತದೆ, ಕೊನೆಗೆ ಕಚ್ಚಿಕೊಂಡು ಜೊತೆಗೇ ತಿರುಗುತ್ತದೆ. ಆ ಜಾರಾಟವೇ ಹಾಫ್ ಕ್ಲಚ್. ಸದ್ದು ತುಸು ದಪ್ಪಗಾಗುತ್ತದೆ, ಬಾನೆಟ್ಟು ಕೂದಲೆಳೆಯಷ್ಟು ಮೂಗೆತ್ತುತ್ತದೆ, ಪಾದದಡಿ ಕಚಗುಳಿ. ಆಗ ಕಾಲನ್ನು ಅಲ್ಲೇ ಒಂದು ಗಳಿಗೆ ನಿಲ್ಲಿಸಬೇಕು. ಹಿಡಿಸಿತು ಅಂತ ಅಲ್ಲೇ ಬಿಡಾರ ಹೂಡಿದರೆ ಪ್ಲೇಟು ಸುಟ್ಟು ನಾತ ಬರುತ್ತದೆ; ಆ ನಾತವನ್ನೂ ನಾನು ಊರಿಗೆ ಹಂಚಿದ್ದೇನೆ.

ಹದಿಮೂರನೇ ದಿನ ಚಾಮುಂಡಿ ಬೆಟ್ಟದ ಏರು. ಮುಂದಿನ ಬಸ್ಸು ನಿಂತಿತು, ನಾನೂ ನಿಂತೆ. ಬೆನ್ನಿಗೇ ಒಂದು ಆಟೋ. ಹ್ಯಾಂಡ್ ಬ್ರೇಕ್ ಎಳೆದೆ, ಗೇರು ಹಾಕಿದೆ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಎಡಗಾಲು ಎತ್ತುತ್ತ ಬಂದೆ. ಸದ್ದು ದಪ್ಪಗಾಯಿತು. ಬ್ರೇಕ್ ಇಳಿಸಿದೆ. ಒಂದಿಂಚೂ ಹಿಂದೆ ಜಾರದೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗಾಡಿ ಹೊರಟಿತು.

ಶಭಾಷ್‌ಗಿರಿಗೆಂದು ಪಕ್ಕಕ್ಕೆ ತಿರುಗಿದೆ. ಹುಡುಗ ಕಿಟಕಿಯಾಚೆ ಮೈಸೂರು ನೋಡುತ್ತ, ತನ್ನ ಕಡೆಯ ಕ್ಲಚ್ಚಿನಿಂದ ಕಾಲನ್ನು ಮೆಲ್ಲಗೆ ತೆಗೆಯುತ್ತಿದ್ದ.