ಟಗರು, ಹುಲಿ ಮತ್ತು ಮಾವನವರ ಬಿಪಿ: ಪಾಶ್ಚಾತ್ಯ–ಚೀನೀ–ಬಸವನಗುಡೀಯ ಜ್ಯೋತಿಷ ಪರಂಪರೆಗಳ ಒಂದು ತೌಲನಿಕ ಅನುಸಂಧಾನ

ಪ್ರಸ್ತುತ ಪ್ರಬಂಧದ ಘನ ಉದ್ದೇಶವೇನೆಂದರೆ, ಪಾಶ್ಚಾತ್ಯ ಹಾಗೂ ಚೀನೀ ಜ್ಯೋತಿಷಗಳನ್ನು ತಾತ್ವಿಕ, ಸಾಂಸ್ಕೃತಿಕ, ಖಗೋಳೀಯ ಮತ್ತು (ಸಮಯ ಉಳಿದರೆ) ವಾಸ್ತವಿಕ ಆಯಾಮಗಳಲ್ಲಿ ಮುಖಾಮುಖಿಯಾಗಿಸಿ, ತನ್ಮೂಲಕ ಎರಡೂ ಇಲ್ಲಿಂದಲೇ ಹೋದವೆಂದು ಸ್ಥಾಪಿಸುವುದು. ತೀರ್ಮಾನ ಮೊದಲೇ ಕೈಯಲ್ಲಿದ್ದುದರಿಂದ ಸಂಶೋಧನೆಗೆ ಹೆಚ್ಚು ಖರ್ಚು ಬರಲಿಲ್ಲ. ಅಧ್ಯಯನದ ವ್ಯಾಪ್ತಿ ಉತ್ತರಕ್ಕೆ ಮಲ್ಲೇಶ್ವರದ ಸಂಪಿಗೆ ರಸ್ತೆ, ದಕ್ಷಿಣಕ್ಕೆ ಬ್ಯೂಗಲ್ ರಾಕ್, ನಡುವೆ ಚಾಮರಾಜಪೇಟೆ. ದಂಡು ಪ್ರದೇಶದ ನಕ್ಷತ್ರಗಳು ಇಂಗ್ಲಿಷಿನಲ್ಲಿ ಮಾತಾಡುವುದರಿಂದ ಅವನ್ನು ಕೈಬಿಡಲಾಗಿದೆ. ವಿಧಾನ: ಉಪನ್ಯಾಸ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು, ಅಧ್ಯಕ್ಷರು ‘ಸಂಕಥನ’, ‘ಅನನ್ಯತೆ’, ‘ವೈಜ್ಞಾನಿಕ ತಳಹದಿ’ ಎಂಬ ಮೂರು ಪದಗಳನ್ನು ಅದಲುಬದಲು ಮಾಡುತ್ತಾ ಕಾಫಿಯನ್ನು ಮುಂದೂಡುವ ಪರಿಯನ್ನು ದಾಖಲಿಸುವುದು.

1.1 ಪಾಶ್ಚಾತ್ಯ ಪ್ರಸ್ಥಾನ

ಇದು ಸಾಯನ ಪದ್ಧತಿ. ವಸಂತ ವಿಷುವದಂದು ಸೂರ್ಯ ಎಲ್ಲಿರುತ್ತಾನೋ ಅದೇ ಮೇಷದ ಬಾಗಿಲು. ನಮ್ಮದು ನಿರಯನ; ನಕ್ಷತ್ರಗಳನ್ನೇ ಗೂಟವಾಗಿ ಹಿಡಿದದ್ದು. ಇವೆರಡಕ್ಕೂ ಈಗ ಸುಮಾರು 24 ಡಿಗ್ರಿ ಅಂತರ ಬಿದ್ದಿದೆ. ಹೀಗಾಗಿ ಏಪ್ರಿಲ್ ಮೊದಲ ವಾರ ಲಂಡನ್ನಿನ ಸೂರ್ಯ ಟಗರಿನ ಮೇಲೇರಿ ಕೊಬ್ಬಿರುವಾಗ, ಗಾಂಧಿ ಬಜಾರಿನ ಸೂರ್ಯ ಇನ್ನೂ ಮೀನದಲ್ಲಿ ಈಜುತ್ತಿರುತ್ತಾನೆ. ಪತ್ರಿಕೆಗಳ ರಾಶಿಫಲದ ಅಂಕಣಕ್ಕೆ ನಾಂದಿಯಾದದ್ದು 1930ರಲ್ಲಿ, ಲಂಡನ್ನಿನ ‘ಸಂಡೇ ಎಕ್ಸ್‌ಪ್ರೆಸ್’ನಲ್ಲಿ, ರಾಜಕುಮಾರಿ ಮಾರ್ಗರೆಟ್ ಹುಟ್ಟಿದಾಗ ಆರ್. ಎಚ್. ನೇಯ್ಲರ್ ಬರೆದ ಭವಿಷ್ಯದಿಂದ. ಅರಮನೆಯ ತೊಟ್ಟಿಲಿನ ಆ ಬರಹವೇ ಇಂದು ನಮ್ಮ ಬೆಳಗಿನ ಕಾಫಿಯ ಪಕ್ಕದಲ್ಲಿ ‘ಧನಲಾಭ, ಸಂಜೆ ಕಿರಿಕಿರಿ’ ಎಂದು ಬಂದು ಕೂತಿದೆ.

1.2 ಚೀನೀ ಪ್ರಸ್ಥಾನ

ಇಲ್ಲಿ ವರ್ಷಕ್ಕೊಂದು ಪ್ರಾಣಿ, ಒಟ್ಟು ಹನ್ನೆರಡು. ಅಂದರೆ ಒಟ್ಟಿಗೆ ಎಸ್ಸೆಸ್ಸೆಲ್ಸಿ ಬರೆದ ಹೆಚ್ಚುಕಡಿಮೆ ಇಡೀ ತರಗತಿಗೆ ಒಂದೇ ಸ್ವಭಾವ. ಮೇಷ್ಟ್ರುಗಳು ಇದನ್ನು ಬಹುಕಾಲದಿಂದ ಹೇಳುತ್ತಲೇ ಬಂದಿದ್ದಾರೆ. ಚೀನಿಯರಿಗೆ ಮೊಲವಾದದ್ದು ವಿಯೆಟ್ನಾಮಿನವರಿಗೆ ಬೆಕ್ಕು. ಹನ್ನೆರಡು ಪ್ರಾಣಿಗಳು ಐದು ಧಾತುಗಳ ಜೊತೆ ಸುತ್ತಿ ಅರವತ್ತಕ್ಕೆ ಚಕ್ರ ಮುಗಿಯುತ್ತದೆ. ನಮ್ಮ ಸಂವತ್ಸರಗಳೂ ಅರವತ್ತೇ. ಚೀನಿಯರ ಈಗಿನ ಚಕ್ರ ಶುರುವಾದದ್ದು 1984ರಲ್ಲಿ, ನಮ್ಮ ಪ್ರಭವ 1987ರಲ್ಲಿ. ಅವರು ಮೂರು ವರ್ಷ ಮುಂದಿದ್ದಾರೆ. ‘ನಾವೇ ಮೊದಲು’ ಎಂಬ ಸಿದ್ಧಾಂತಕ್ಕೆ ಇದು ತುಸು ಮುಜುಗರ ತರುವುದರಿಂದ ಅಡಿಟಿಪ್ಪಣಿಗೆ ತಳ್ಳಿ, ಆಮೇಲೆ ಅಡಿಟಿಪ್ಪಣಿಯನ್ನೂ ತೆಗೆಯಲಾಯಿತು. ಈ ಶಾಸ್ತ್ರದಲ್ಲಿ ಯವನರು ಋಷಿಗಳಂತೆ ಪೂಜ್ಯರು ಎಂದು ವರಾಹಮಿಹಿರನೇ ಒಪ್ಪಿಕೊಂಡಿರುವುದಕ್ಕೂ ಅದೇ ಗತಿ.

1.3 ತ್ರಿವಳಿ ಸಂಗಮ: 1962

ಫೆಬ್ರವರಿ 5ರ ಅಮಾವಾಸ್ಯೆ. ನಮ್ಮ ಲೆಕ್ಕದಲ್ಲಿ ಮಕರದಲ್ಲಿ ಅಷ್ಟಗ್ರಹ ಕೂಟ. ಪ್ರಳಯವೇ ಎಂದು ದೇಶದ ತುಂಬಾ ಹೋಮ, ಭಜನೆ. ಪಾಶ್ಚಾತ್ಯರ ಲೆಕ್ಕದಲ್ಲಿ ಅದೇ ಗ್ರಹಗಳು ಕುಂಭದಲ್ಲಿ; ಹೊಸ ಯುಗದ ಉದಯವೆಂದು ಅಲ್ಲಿ ಕೆಲವರಿಗೆ ಹಿಗ್ಗು. ಚೀನಿಯರಿಗೆ ಆ ದಿನ ಹೊಸವರ್ಷ; ಹುಲಿಯ ವರ್ಷ ಬಂತೆಂದು ಹಬ್ಬದೂಟ. ಆಕಾಶ ಒಂದೇ, ಅಮಾವಾಸ್ಯೆ ಒಂದೇ. ಒಬ್ಬರು ತುಪ್ಪವನ್ನು ಬೆಂಕಿಗೆ ಸುರಿದರು, ಇನ್ನೊಬ್ಬರು ಊಟ ಮಾಡಿದರು. ಪ್ರಳಯ ಬರಲಿಲ್ಲ. ಅಕ್ಟೋಬರಿನಲ್ಲಿ ಚೀನಾ ಯುದ್ಧ ಬಂತು. ಬೇಕಾದವರು ಅದನ್ನು ತಡವಾಗಿ ತಲುಪಿದ ಫಲ ಎನ್ನಬಹುದು. ಆ ನ್ಯಾಯದಲ್ಲಿ ಅಷ್ಟಗ್ರಹಗಳ ಇನ್ನೊಂದು ಫಲವನ್ನೂ ಒಪ್ಪಬೇಕಾಗುತ್ತದೆ: ವಿಚಾರವಾದಿ ಎಚ್. ನರಸಿಂಹಯ್ಯನವರ ಬೆಂಗಳೂರು ಸೈನ್ಸ್ ಫೋರಂ ಹುಟ್ಟಿದ್ದೂ 1962ರಲ್ಲೇ.

1.4 ಅಯನಾಂಶದ ಅಂತರಪಠ್ಯೀಯ ಬಿಕ್ಕಟ್ಟು

ಸಾಯನ–ನಿರಯನಗಳ ಅಂತರ, ಅಂದರೆ ಅಯನಾಂಶ, ಎಷ್ಟೆಂಬುದರಲ್ಲಿ ನಿರಯನದವರಲ್ಲೂ ಒಮ್ಮತವಿಲ್ಲ. ಕಲ್ಕತ್ತೆಯ ಲಾಹಿರಿಯವರ ಲೆಕ್ಕದಲ್ಲಿ ಎರಡು ರಾಶಿಚಕ್ರಗಳೂ ಹೊಂದಿಕೊಂಡಿದ್ದದ್ದು ಕ್ರಿ. ಶ. 285ರಲ್ಲಿ. ಶೇಷಾದ್ರಿಪುರದ ಬಿ. ವಿ. ರಾಮನ್ (1912–1998), ಅಜ್ಜ ಸೂರ್ಯನಾರಾಯಣ ರಾಯರ ‘ಅಸ್ಟ್ರಲಾಜಿಕಲ್ ಮ್ಯಾಗಝೀನ್’ಗೆ 1936ರಲ್ಲಿ ಮರುಜೀವ ಕೊಟ್ಟವರು, ಆ ವರ್ಷ 397 ಎಂದರು. ಹೀಗೆ ಬೆಂಗಳೂರಿಗೆ ತನ್ನದೇ ಒಂದು ಆಕಾಶ ದಕ್ಕಿತು. ಕಲ್ಕತ್ತೆಯದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಸರಿದದ್ದು. ಒಂದೂವರೆ ಡಿಗ್ರಿ ಅಂದರೆ ಚಂದ್ರನಿಗೆ ಸುಮಾರು ಮೂರು ಗಂಟೆಯ ನಡಿಗೆ. ಆ ಮೂರು ಗಂಟೆಯಲ್ಲಿ ಏನಾದೀತು ಎನ್ನುತ್ತೀರಾ? ಜ್ಯೇಷ್ಠಾ ಮುಗಿಯುವ ಹೊತ್ತಿಗೆ ಹುಟ್ಟಿದ ಹೆಣ್ಣುಮಗು ಕಲ್ಕತ್ತೆಯ ಪ್ರಕಾರ ಜ್ಯೇಷ್ಠಾ. ಗಂಡನ ಅಣ್ಣನಿಗೆ ಆಗಿಬರುವುದಿಲ್ಲ. ಶೇಷಾದ್ರಿಪುರದ ಪ್ರಕಾರ ಮೂಲಾ ಒಂದನೇ ಪಾದ, ಮಾವನಿಗೆ ಆಗಿಬರುವುದಿಲ್ಲ. ಭಾವನೋ ಮಾವನೋ, ಯಾರು ಮೊದಲು ಹೋಗಬೇಕೆಂದು ತೀರ್ಮಾನಿಸುವುದು ಆಯಾ ಮನೆಯ ಕಂಪ್ಯೂಟರಿನ ಸಾಫ್ಟ್‌ವೇರು.

1.5ರಲ್ಲಿ ನಕ್ಷತ್ರ–ಸಂಬಂಧಿಕ ಕೋಷ್ಟಕ ಕೊಡುವವನಿದ್ದೆ. ಆಶ್ಲೇಷಾ ಎದುರು ಅತ್ತೆ, ವಿಶಾಖಾ ಎದುರು ಮೈದುನ, ಹೀಗೆ. ಗೆರೆ ಎಳೆದು ಕೂತರೆ ಬರೆಯುವ ಮನಸ್ಸಾಗಲಿಲ್ಲ. ವಿಭಾಗಗಳ ಸಂಖ್ಯೆಗಳು ಇಲ್ಲಿಗೆ ಸಾಕು.

ಕೋಷ್ಟಕ ಬೇಕಾದವರು ಮಲ್ಲೇಶ್ವರದ ಯಾವುದಾದರೂ ನಡುಮನೆಯಲ್ಲಿ ಭಾನುವಾರ ಬೆಳಿಗ್ಗೆ ಕೂತರೆ ಸಾಕು. “ಹುಡುಗಿ ಲಕ್ಷಣವಾಗಿದ್ದಾಳೆ ರೀ, ಓದಿದ್ದಾಳೆ, ನಮಗೆಲ್ಲ ಒಪ್ಪಿಗೆ. ಆದ್ರೆ ಮೂಲಾ ಅಂತೀರಿ. ನಮ್ಮ ಯಜಮಾನರಿಗೆ ಈಗ್ಲೇ ಬಿಪಿ, ಶುಗರ್ರು.” ಹುಡುಗಿಯ ತಂದೆ, ಮೂವತ್ತು ವರ್ಷ ಲೆಕ್ಕ ಪಾಠ ಹೇಳಿದ ಮನುಷ್ಯ, ತಲೆ ಬಗ್ಗಿಸಿ ಉಪ್ಪಿಟ್ಟಿನ ತಟ್ಟೆ ನೋಡುತ್ತಾರೆ. ಆಮೇಲೆ ಮಧ್ಯಸ್ಥರು ಮೆಟ್ಟಿಲ ಹತ್ತಿರ ಕರೆದು ಹಿತ ಹೇಳುತ್ತಾರೆ: “ಮಾವ ಇಲ್ಲದ ಮನೆ ನೋಡಿ ಸಾರ್. ದೋಷ ತಟ್ಟೋದಿಲ್ಲ.” ಸತ್ತವರ ಮನೆ ಹುಡುಕಿಕೊಂಡು ಹೋಗಿ ಎಂದು ಒಬ್ಬ ತಂದೆಗೆ ಹೇಳುವಾಗ ನಾಲಿಗೆ ತಡವರಿಸುವುದೂ ಇಲ್ಲ! ಮೂಲಾ ನಕ್ಷತ್ರದ ಹುಡುಗನ ಜಾತಕ ಬಂದಾಗ ಮಾತ್ರ ಹುಡುಗಿಯ ಅಪ್ಪನ ಬಿಪಿ ಎಷ್ಟೆಂದು ಯಾರೂ ಕೇಳಿದ್ದಿಲ್ಲ.

ತೌಲನಿಕ ಎಂದೆನಲ್ಲ, ಹೋಲಿಕೆ ಸಿಗುವುದು ಇಲ್ಲಿಯೇ. ಚೀನೀ ಚಕ್ರದ ನಲವತ್ತಮೂರನೆಯದು ಅಗ್ನಿ ಕುದುರೆಯ ವರ್ಷ. ಚಕ್ರ ಚೀನಾದ್ದು, ಭಯ ಜಪಾನಿನದು: ಆ ವರ್ಷ ಹುಟ್ಟಿದ ಹೆಣ್ಣು ಗಂಡನನ್ನು ತಿನ್ನುತ್ತಾಳೆಂಬ ನಂಬಿಕೆ. 1965ರಲ್ಲಿ ಜಪಾನಿನಲ್ಲಿ ಸುಮಾರು 18.2 ಲಕ್ಷ ಶಿಶುಗಳು ಹುಟ್ಟಿದ್ದವು. ಅಗ್ನಿ ಕುದುರೆಯ 1966ರಲ್ಲಿ 13.6 ಲಕ್ಷ. ಮರುವರ್ಷ ಸಂಖ್ಯೆ ಮತ್ತೆ ಮೇಲೆದ್ದಿತು. ಶಿಂಕಾನ್ಸೆನ್ ರೈಲು ಓಡಿಸುತ್ತಿದ್ದ ದೇಶ ಅದು. ನಮ್ಮ ಪಂಚಾಂಗದಲ್ಲಿ ಅದೇ ವರ್ಷ ಪರಾಭವ. ಅಗ್ನಿ ಕುದುರೆ, ಪರಾಭವ ಎರಡೂ 2026ರಲ್ಲಿ ಮತ್ತೆ ಜೊತೆಗೇ ಬರುತ್ತವೆ.

ಪೂರ್ವವೋ ಪಶ್ಚಿಮವೋ, ಸಾಯನವೋ ನಿರಯನವೋ, ಎಂದು ಗಂಟೆಗಟ್ಟಲೆ ಕೊರೆಯುವ ಮಹನೀಯರು ಹೆಣ್ಣಿನ ತಲೆಗೇ ಕಟ್ಟುವ ಈ ದೋಷದ ಮಾತಿಗೆ ಬರುವುದೇ ಇಲ್ಲ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ನರಸಿಂಹಯ್ಯನವರು ಜೀವನವಿಡೀ ಹೇಳಿದ್ದು ಇದೇ ಬಸವನಗುಡಿಯಲ್ಲಿ. 1976ರಲ್ಲಿ ಕುಲಪತಿಯಾಗಿ ಪವಾಡ, ಮೂಢನಂಬಿಕೆಗಳ ತನಿಖೆಗೆ ಸಮಿತಿ ಮಾಡಿ ಬೈಸಿಕೊಂಡರು. ಅವರ ಉಪನ್ಯಾಸಗಳಿಗೆ ಚಪ್ಪಾಳೆ ತಟ್ಟಿದವರೇ ಮನೆಗೆ ಹೋಗಿ ನಕ್ಷತ್ರ ಕೇಳಿದರು. 2017ರಲ್ಲಿ ಮೌಢ್ಯ ನಿಷೇಧ ಕಾಯ್ದೆಯೂ ಬಂತು. ಜ್ಯೋತಿಷ, ವಾಸ್ತುಗಳನ್ನು ಹೊರಗಿಟ್ಟೇ ಬಂತು.

ಈಗ ಆಗುವುದು ಇಷ್ಟು. ಒಂದಷ್ಟು ಕಡೆ ಎಡತಾಕಿ ಸೋತ ತಾಯಿ ಒಂದು ದಿನ ಸದ್ದಿಲ್ಲದೆ ಬೇರೆ ಜೋಯಿಸರ ಹತ್ತಿರ ಹೋಗಿ, ಹುಟ್ಟಿದ ಹೊತ್ತನ್ನು ಒಂದಿಷ್ಟು ಸರಿಸಿ, ಹೊಸ ಜಾತಕ ಬರೆಸುತ್ತಾಳೆ. ಆಸ್ಪತ್ರೆಯ ಚೀಟಿ ಬೀರುವಿನ ಸೀರೆಗಳ ಕೆಳಗೆ ಹೋಗುತ್ತದೆ. ಹುಡುಗಿ ಪೂರ್ವಾಷಾಢವಾಗುತ್ತಾಳೆ, ಮದುವೆಯಾಗುತ್ತದೆ. ಆಮೇಲೆ ಎಂದಾದರೂ ರಾತ್ರಿ ಹೊತ್ತು ಫೋನು ಬಂದು, ಬೀಗರಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದಾರೆ ಅಂದರೆ, ದೇವರ ಮುಂದೆ ಕುಸಿದು ಕೂರುವವಳು ಈ ತಾಯಿ. ಸುಳ್ಳು ಬರೆಸಿದವಳು ತಾನು, ನಿಜ ಗೊತ್ತಿರುವವಳೂ ತಾನೇ ಎಂದು. ಬೀಗರು ಕಾಲೇಜಿನ ದಿನಗಳಿಂದ ಸಿಗರೇಟು ಸೇದುತ್ತಾ ಬಂದಿದ್ದಾರೆಂದು ಡಾಕ್ಟರು ಹೇಳಿದರೂ ಅವಳ ಕಿವಿಗೆ ಬೀಳುವುದಿಲ್ಲ.