ಹಾಡು ತುಂಬಿಸಿ ಕೊಡಲಾಗುವುದು

ನಮ್ಮ ಪಕ್ಕದ ಮನೆಯಲ್ಲಿ ವೆಂಕಟರಮಣ ಏಳಬೇಕಾದರೆ ಮೊದಲು ಫೋನಿನ ಸ್ಕ್ರೀನು ಏಳಬೇಕು. ಮೇಷ್ಟ್ರ ಮನೆಯವರು ಬೆಳಗಿನ ಜಾವ ಯೂಟ್ಯೂಬಿನಲ್ಲಿ ಸುಪ್ರಭಾತ ಹಚ್ಚಿ ಫೋನನ್ನು ದೇವರ ಗೂಡಿಗೆ ಒರಗಿಸಿಡುತ್ತಾರೆ. ಪುಕ್ಕಟೆ ಯೂಟ್ಯೂಬಿನ ಕರಾರು ಗೊತ್ತಲ್ಲ, ಸ್ಕ್ರೀನು ಆರಿತೋ ಹಾಡೂ ನಿಂತಿತು. ಹಾಗಾಗಿ ದೀಪದ ಜೊತೆ ಅದೂ ಉರಿಯುತ್ತಿರಬೇಕು. ಎರಡು ಶ್ಲೋಕ ಮುಗಿಯುವಷ್ಟರಲ್ಲಿ ಒಬ್ಬಳು ಹುಡುಗಿ ಬಂದು ಐದೇ ನಿಮಿಷದಲ್ಲಿ ಪರ್ಸನಲ್ ಲೋನ್ ಕೊಡುತ್ತೇನೆ ಅನ್ನುತ್ತಾಳೆ. ಅದನ್ನು ತಳ್ಳೋಣ ಅಂದರೆ ಅಮ್ಮನವರ ಕೈಯೆಲ್ಲ ರಂಗೋಲಿ ಪುಡಿ.

"ಕೇಳಿಸ್ತಾ ರಾಯರೇ, ತಿಮ್ಮಪ್ಪನಿಗೂ ಸಾಲ ಕೊಡ್ತಾರಂತೆ," ಅಂದರು ಮೇಷ್ಟ್ರು, ಕಾಂಪೌಂಡ್ ಗೋಡೆ ಮೇಲೆ ಕಾಫಿ ಲೋಟ ಇಟ್ಟು.

"ಕುಬೇರನ ಸಾಲವೇ ಇನ್ನೂ ತೀರಿಲ್ಲ ಮೇಷ್ಟ್ರೇ. ಸಿಬಿಲ್ ಸ್ಕೋರ್ ನೋಡಿದರೆ ಬ್ಯಾಂಕಿನವರು ಹತ್ತಿರ ಸೇರಿಸೋದಿಲ್ಲ."

ಹೀಗೆ ಶುರುವಾದ ಮಾತು ಕಾಫಿ ಆರಿ ತಣ್ಣಗಾದರೂ ನಿಲ್ಲಲಿಲ್ಲ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತದ ಪ್ಲೇಟು ಬಂದದ್ದು 1963ರಲ್ಲಿ, ನಾಯಿ ಮಾರ್ಕಿನ ಎಚ್‌ಎಂವಿಯಿಂದ. ಅದರಿಂದ ತಮಗೆ ಬರಬೇಕಾದ ರಾಯಲ್ಟಿಯನ್ನು ಆಕೆ ತಿರುಪತಿ ದೇವಸ್ಥಾನಕ್ಕೇ ಬಿಟ್ಟುಕೊಟ್ಟಿದ್ದರು. ಅಂದರೆ ಆಗ ಪ್ಲೇಟು ಕೊಂಡವನು ತಿಳಿದೋ ತಿಳಿಯದೆಯೋ ಹುಂಡಿಗೆ ಚೂರು ಹಾಕಿದಂತೆಯೇ. ಈಗ ದುಡ್ಡು ಕೊಡುವವನು ಆ ಸಾಲದ ಕಂಪನಿಯವನು. ಕೇಳುವವರು ನಾವು, ಕೊಡುವವನು ಅವನು.

ನನಗನ್ನಿಸುವುದು ಇಷ್ಟೇ: ಬರೀ ಹಾಡಿಗೆ ಅಂತ ನಾವು ದುಡ್ಡು ಬಿಚ್ಚಿದ ಜನವೇ ಅಲ್ಲ. ಹಾಡು ಕೂತಿದ್ದ ಡಬ್ಬಿಗೆ ಬಿಚ್ಚಿದೆವು, ತುಂಬಿಸಿ ಕೊಟ್ಟವನ ಕೂಲಿಗೆ ಬಿಚ್ಚಿದೆವು. ಮೇಷ್ಟ್ರು ಒಪ್ಪಲಿಲ್ಲ. "ನಾನು 'ನಿತ್ಯೋತ್ಸವ' ಕ್ಯಾಸೆಟ್ಟನ್ನ ಸಂಬಳದಲ್ಲಿ ಕೊಂಡವನು ಕಣ್ರೀ," ಅಂದರು. ಕೊಂಡಿರಬಹುದು. 1978ರಲ್ಲಿ ನಿಸಾರ್ ಅಹಮದರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಆ ಧ್ವನಿಸುರುಳಿ ಬಂದಾಗ, ಸಿನಿಮಾದಲ್ಲಿಲ್ಲದ ಕನ್ನಡ ಪದ್ಯವನ್ನೂ ಅಂಗಡಿಯಲ್ಲಿ ಕೊಳ್ಳಬಹುದು ಅಂತ ಜನಕ್ಕೆ ಗೊತ್ತಾಯಿತು. ಆಮೇಲೆ ಅಶ್ವಥ್ ಬಂದರು, ಶರೀಫಜ್ಜ ಟೀ ಅಂಗಡಿಗೂ ಬಂದ. ಮಾಸ್ಟರ್ ಹಿರಣ್ಣಯ್ಯನವರ ನಾಟಕವನ್ನೂ ಕ್ಯಾಸೆಟ್ಟಿನಲ್ಲಿ ಕೇಳಿ ನಕ್ಕದ್ದುಂಟು. ಆದರೆ ಮೇಷ್ಟ್ರ ಬೀರುವಿನಲ್ಲಿ ಕೊಂಡ ಕ್ಯಾಸೆಟ್ಟು ಎಷ್ಟು, ತುಂಬಿಸಿಕೊಂಡದ್ದು ಎಷ್ಟು ಅಂತ ಎಣಿಸೋಣ ಅಂದೆ. ಅವರು ಕಾಫಿ ಲೋಟದ ಕಡೆ ನೋಡಿದರು.

ನಮ್ಮೂರ ಬಸ್ ಸ್ಟ್ಯಾಂಡ್ ಹಿಂದುಗಡೆ ಒಂದು ರೆಕಾರ್ಡಿಂಗ್ ಸೆಂಟರ್ ಇತ್ತು. ಆರಡಿ ಅಗಲದ ಅಂಗಡಿ, ಗೋಡೆ ತುಂಬ ಕ್ಯಾಸೆಟ್ಟಿನ ಬೆನ್ನು, ಮೂಲೆಯಲ್ಲಿ ಎರಡು ಡೆಕ್ಕು. ನಾವು ಖಾಲಿ ಕ್ಯಾಸೆಟ್ಟಿನ ಜೊತೆ ಒಂದು ಚೀಟಿ ಕೊಡಬೇಕು. ಎ ಸೈಡ್, ಬಿ ಸೈಡ್ ಅಂತ ಗೆರೆ ಎಳೆದು, ಹಾಡಿನ ಮೊದಲ ಸಾಲು, ಪಕ್ಕದಲ್ಲಿ ಪಿಕ್ಚರ್ ಹೆಸರು. ಅಂಗಡಿಯವನು ಚೀಟಿಯನ್ನು ಡಾಕ್ಟರ ಹಾಗೆ ನೋಡುತ್ತಿದ್ದ. "ಇದರಲ್ಲಿ ಏಳು ಹಾಡು ಹಿಡಿಯಲ್ಲ ಸಾರ್, ಒಂದು ತೆಗೀರಿ." ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಮೂವತ್ತೇ ನಿಮಿಷ. ಯಾವುದನ್ನು ತೆಗೆಯೋಣ ಅಂತ ಅಲ್ಲೇ ನಿಂತು ತಲೆ ಕೆರೆದುಕೊಂಡದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲೂ ಇಲ್ಲ. ಹಟ ಹಿಡಿದರೆ ಏಳನೆಯದನ್ನೂ ಹಾಕಿಕೊಡುತ್ತಿದ್ದ. ಅದು ಎರಡನೇ ಚರಣದ ನಡುವೆ ಟಕ್ ಅಂತ ನಿಲ್ಲುತ್ತಿತ್ತು. ಮೇಷ್ಟ್ರಿಗೆ ಪಿ.ಬಿ. ಶ್ರೀನಿವಾಸರ ಒಂದು ಹಾಡು ಹಾಗೆ ಅರ್ಧಕ್ಕೆ ನಿಂತದ್ದೇ ರೂಢಿಯಾಗಿಬಿಟ್ಟು, ಈಗ ಪೂರ್ತಿ ಕೇಳಿದರೆ ಕೊನೆಯ ಚರಣ ಯಾರೋ ಆಮೇಲೆ ಸೇರಿಸಿದ್ದು ಅನ್ನುತ್ತಾರೆ.

ಅವನ ನಿಜವಾದ ವಿದ್ಯೆ ಬೇರೆ ಇತ್ತು. ಹೆಸರು ಗೊತ್ತಿಲ್ಲದ ಹಾಡು. ಸಂತೆಗೆ ಬಂದ ಹೆಂಗಸೊಬ್ಬಳು, "ಅದೇ ಅಣ್ಣಾ, ಕಲ್ಪನಾ ಅಳ್ತಾಳಲ್ಲ, ಮೆಟ್ಲ ಮೇಲೆ" ಅಂದರೆ ಸಾಕು, ಹಿಂದಕ್ಕೆ ತಿರುಗದೆ ಕೈ ಹಾಕಿ ತೆಗೆಯುತ್ತಿದ್ದ. ಈಗ ಫೋನಿನ ಮುಂದೆ ಗುನುಗಿದರೂ ಹಾಡು ಹುಡುಕಿಕೊಡುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಮೆಟ್ಟಿಲ ಮೇಲೆ ಅತ್ತವಳು ಯಾರು ಅಂತ ಅದಕ್ಕೆ ಕೇಳಿ ನೋಡಿ.

ಅದೇ ಅಂಗಡಿ ಆಮೇಲೆ ಮೊಬೈಲ್ ಅಂಗಡಿ ಆಯಿತು. "ಮೆಮೊರಿ ಕಾರ್ಡ್‌ಗೆ ಹಾಡು ತುಂಬಿಸಿ ಕೊಡಲಾಗುವುದು" ಅಂತ ಬೋರ್ಡು ಬಿತ್ತು. ಏಳು ಹಾಡಿಗೆ ಚೌಕಾಸಿ ಮಾಡಿದ ಜಾಗದಲ್ಲೇ ಎರಡು ಜಿಬಿಗೆ ನಾನೂರು ಹಾಡು. ಚೀಟಿ ಇಲ್ಲ, ಗೆರೆ ಇಲ್ಲ. "ಹಳೇದಾ, ಹೊಸದಾ, ದೇವ್ರದ್ದಾ?" ಇಷ್ಟೇ ಪ್ರಶ್ನೆ. ಹಿತ್ತಲ ಹುಣಸೇಹಣ್ಣು ಮೂಟೆಗೆ ತುಂಬಿದ ಹಾಗೆ ತುಂಬಿ ಕೊಡುತ್ತಿದ್ದ. ಕಾಂಗ್ರೆಸ್ ಗಿಡದಂತೆ ಹಬ್ಬಿದ ಆ ದಂಧೆಯೆಲ್ಲ ಕಳ್ಳಮಾಲು ಅಂತ ಅವನಿಗೂ ಗೊತ್ತು, ನಮಗೂ ಗೊತ್ತು, ಹಾಡು ಕೇಳುತ್ತಾ ಬೀಟ್ ತಿರುಗುತ್ತಿದ್ದ ಪೊಲೀಸಪ್ಪನಿಗೂ ಗೊತ್ತು. ತಮಾಷೆ ಅಂದರೆ, ಚಿತ್ರಗೀತೆ ಬರೆದ ಕವಿಗೂ ಸಂಗೀತ ಕೊಟ್ಟವರಿಗೂ ರಾಯಲ್ಟಿಯಲ್ಲಿ ಪಾಲು ತಪ್ಪಬಾರದು ಅಂತ ಸರಕಾರ ಕಾಪಿರೈಟ್ ಕಾಯ್ದೆ ತಿದ್ದಿದ್ದೂ ಆ ಕಾಲದಲ್ಲೇ, 2012ರಲ್ಲಿ. ಕಾಯ್ದೆ ದೆಹಲಿಯಲ್ಲಿ ಪಾಸಾಗುತ್ತಿತ್ತು, ಇಲ್ಲಿ ಕಾರ್ಡು ತುಂಬುತ್ತಿತ್ತು.

ಮೇಷ್ಟ್ರ ಮಗ ಒಂದು ಕಾರ್ಡು ತಂದುಕೊಟ್ಟಿದ್ದ. ಅದರಲ್ಲಿ ಗಾಯಕರ ಹೆಸರಿರಬೇಕಾದ ಕಡೆಯಲ್ಲೆಲ್ಲ ಒಂದೇ ಡಾಟ್ ಕಾಮ್, ಕದ್ದು ಹಾಕಿದವನ ರುಜು. "ಯಾರ್ರೀ ಈ ಮಹಾನುಭಾವ? ರಾಜ್‌ಕುಮಾರ್ ಥರಾನೂ ಹಾಡ್ತಾನೆ, ಜಾನಕಿಯಮ್ಮನ ಥರಾನೂ ಹಾಡ್ತಾನೆ!" ಅಂತ ಮೇಷ್ಟ್ರು ಬೆರಗಾಗಿದ್ದರು. ಆವಾಗಲೇ ನಾನು ಗೌಹರ್ ಜಾನ್ ವಿಷಯ ಹೇಳಿದ್ದು. 1902ರಲ್ಲಿ ಕಲ್ಕತ್ತೆಯಲ್ಲಿ ಆಕೆಯ ಹಾಡು ಪ್ಲೇಟಿಗೆ ಹಿಡಿದಾಗ, ಅಚ್ಚು ಒತ್ತುವ ಕಾರ್ಖಾನೆ ಇದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾರ ಹಾಡು ಅಂತ ತಿಳಿಯಲಿ ಅಂತ, ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಕೊನೆಗಾಲದಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ ಬಂದಳು, 1930ರಲ್ಲಿ ತೀರಿಕೊಂಡದ್ದೂ ನಮ್ಮ ಮೈಸೂರಿನಲ್ಲೇ. "ಒಳ್ಳೇ ಜಾಣೆ," ಅಂದರು ಮೇಷ್ಟ್ರು. "ನಮ್ಮ ಪಿಬಿಎಸ್ಸೂ ಹಾಗೆ ಕೂಗಿಬಿಟ್ಟಿದ್ದರೆ ಈ ಡಾಟ್ ಕಾಮಿನವನು ಸಿಕ್ಕಿಬೀಳ್ತಿದ್ದ."

ನ್ಯಾಯವಾಗಿ ಮಾರಿದವರು ಇರಲೇ ಇಲ್ಲ ಅಂತಲ್ಲ. ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರುವರಿಯಲ್ಲಿ ಫ್ಲೈಟ್ ಅಂತ ಹಾಡಿನ ಅಂಗಡಿ ತೆರೆದಿತ್ತು. ಕೆಲವೇ ರೂಪಾಯಿ ಕೊಟ್ಟರೆ ಒಂದು ಹಾಡು, ನಿಮ್ಮದೇ ಆಗಿ ಉಳಿಯುತ್ತಿತ್ತು. ಮರುವರ್ಷ ಜೂನಿಗೆ ಬಾಗಿಲು ಹಾಕಿತು. ಟೀ ಬೆಲೆಯ ಹಾಡನ್ನೂ ಕೊಳ್ಳಲಿಲ್ಲವಲ್ಲ ನಾವು! ಅದೇ ಜನ ಕಾಲರ್ ಟ್ಯೂನಿಗೆ ತಿಂಗಳು ತಿಂಗಳು ದುಡ್ಡು ಕಟ್ಟಿದರು, ಕರೆ ಮಾಡಿದವನು ಕೇಳಲಿ ಅಂತ. ತನಗಾಗಿ ಕೊಳ್ಳದವನು ಸಾಲ ವಸೂಲಿಗೆ ಫೋನ್ ಮಾಡುವವನಿಗೆ ಹಾಡು ಕೇಳಿಸುತ್ತಾನೆ. ಈ ಉದಾರತೆಯನ್ನು ಯಾವ ಅರ್ಥಶಾಸ್ತ್ರಿ ಬಿಡಿಸಿ ಹೇಳಿಯಾನು?

ಆ್ಯಪುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬಾಡಿಗೆ ಮನೆ, ಮಾಲೀಕ ಮನಸ್ಸು ಬದಲಿಸಿದರೆ ಸಾಮಾನು ಬೀದಿಗೆ. ಏರ್‌ಟೆಲ್ಲಿನ ವಿಂಕ್ 2024ರಲ್ಲಿ ಮುಚ್ಚಿದಾಗ ಡೌನ್‌ಲೋಡ್ ಅಂತ ಜೋಡಿಸಿಟ್ಟುಕೊಂಡವರ ಪಾಡು ನೆನೆಸಿಕೊಳ್ಳಿ. ಉತ್ತರ ಕರ್ನಾಟಕದ ಜಾನಪದ ಹಾಡಿನ ಹುಡುಗರೇ ಜಾಣರು. ಹಾಡು ಕಟ್ಟುತ್ತಾರೆ, ಸೀದಾ ಯೂಟ್ಯೂಬಿಗೆ ಬಿಡುತ್ತಾರೆ, ಅದು ಕಬ್ಬಿನ ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿನಲ್ಲಿ ಊರೂರು ಸುತ್ತುತ್ತದೆ. ಅಲ್ಲಿ ಹಾಡು ಕೊಳ್ಳುವ ಪ್ರಶ್ನೆಯೇ ಇಲ್ಲ, ತಪ್ಪಿಸಿಕೊಳ್ಳುವ ಪ್ರಶ್ನೆ ಮಾತ್ರ.

ಮೇಷ್ಟ್ರ ಸದ್ಯದ ಸಂಕಟ ಮಗನ ಹೊಸ ಕಾರು. ಅದರಲ್ಲಿ ಸೀಡಿ ತೂರಿಸಲು ಸೀಳೇ ಇಲ್ಲ. "ಇಷ್ಟು ಸೀಡಿ ಏನ್ ಮಾಡ್ಲಿ? ಸಪೋಟ ಮರಕ್ಕೆ ಕಟ್ಟಿ ಗಿಣಿ ಓಡಿಸ್ಲಾ?" ಮಗನ ಲ್ಯಾಪ್‌ಟಾಪಿನಲ್ಲೂ ಸೀಡಿ ತಟ್ಟೆ ಇಲ್ಲ. ಮೊಬೈಲ್ ಅಂಗಡಿಯ ಹುಡುಗ, "ಸೀಡಿ ಎಲ್ಲ ಯಾಕೆ ಅಂಕಲ್, ಲಿಂಕ್ ಕಳ್ಸಿ, ಪೆನ್‌ಡ್ರೈವ್‌ಗೆ ಹಾಕ್ಕೊಡ್ತೀನಿ" ಅಂದನಂತೆ. ಮೂವತ್ತೆರಡು ಜಿಬಿ, ಆರು ಸಾವಿರ ಹಾಡಿಗೂ ಜಾಗ ಇದೆಯಂತೆ.

"ಆರು ಸಾವಿರ ಯಾಕ್ರೀ, ತಿಪಟೂರಿಗೆ ಹೋಗಿ ಬರೋಕೆ?" ಅಂದರು. ಒಳಗೆ ಹೋಗಿ ಹಳೇ ಡೈರಿಯ ಹಾಳೆ ಹರಿದು ತಂದು, ಗೋಡೆಯ ಮೇಲೇ ಇಟ್ಟು ನಡುವೆ ಗೆರೆ ಎಳೆದರು. ಎಡಕ್ಕೆ ಎ, ಬಲಕ್ಕೆ ಬಿ.

"ಪೆನ್‌ಡ್ರೈವಿಗೆ ಎರಡು ಮಗ್ಗುಲು ಇರಲ್ಲ ಮೇಷ್ಟ್ರೇ."

"ಹೋಗುವಾಗ ಒಂದು, ಬರುವಾಗ ಒಂದು. ಎ ಪೂರಾ ಅನಂತಸ್ವಾಮಿ, ಅದರಲ್ಲಿ ಮಾತಿಲ್ಲ. ಬಿನಲ್ಲಿ ಮೊದಲು ನಮ್ಮ ಮನೆಯವರ ದಾಸರ ಪದ, ಇಲ್ಲದಿದ್ರೆ ಕಾರು ಹತ್ತಲ್ಲ. ಆಮೇಲೆ ಎರಡಕ್ಕೆ ಜಾಗ ಇದೆ, ನಿಮ್ಮದು ಹೇಳಿ. ಬೇಗ ಹೇಳಿ, ಅಂಗಡಿ ಹುಡುಗ ಒಂದು ಗಂಟೆಗೆ ಊಟಕ್ಕೆ ಹೋಗ್ತಾನೆ."